ಜೊತೆಗೆ ಕೂರುವ ಹಕ್ಕು

ಗೆಲ್ಲುವ ಕೇಸು. ಬೆಳಗಿನಿಂದ ಮುರಳಿಯ ತಲೆಯಲ್ಲಿ ಇದೊಂದೇ ಮಾತು ಕುಣಿಯುತ್ತಿತ್ತು. ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯೊಳಗಿನ ನೊರೆ ಮೆತ್ತಿದ ಮುಖಕ್ಕೆ ಅದನ್ನೇ ಹೇಳಿದ, ಬಿಳಿ ಅಂಗಿಗೆ ಇಸ್ತ್ರಿ ಹಾಕುವಾಗ ಅದನ್ನೇ ಗುನುಗಿದ, ಭದ್ರಾವತಿಯ ಬಸ್‌ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸು ಹತ್ತಿ ಮೂವರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಾಗ ಅದೂ ತನ್ನ ಪರವಾಗಿ ಬಂದ ಸಾಕ್ಷಿಯೇ ಎನ್ನಿಸಿ ಒಳಗೊಳಗೇ ನಕ್ಕ. ಕಿಟಕಿಯ ಪಕ್ಕ ಮಗಳು ಇಂಪನಾ, ನಡುವೆ ಹೆಂಡತಿ ಪುಷ್ಪಾ, ಈ ತುದಿಯಲ್ಲಿ ತಾನು. ಪುಷ್ಪಾ ನಿನ್ನೆಯಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಶಿವಮೊಗ್ಗದ ಮಕ್ಕಳ ಆಫೀಸಿನವರು ಮಗುವನ್ನು ಒಳಗೆ ಕರೆದು ಮಾತಾಡಿಸುತ್ತಾರಂತೆ, ಮನೆಯವರ ಮೇಲೆ ಅನುಮಾನ ಬಂದರೆ ಬಾಲಮಂದಿರಕ್ಕೆ ಕಳಿಸುತ್ತಾರಂತೆ ಎಂದು ಪಕ್ಕದ ಮನೆಯ ಕಾಳಮ್ಮ ಹೇಳಿದ್ದೇ ತಡ, ಅವಳ ಗಂಟಲಲ್ಲಿ ಅನ್ನ ಇಳಿಯದಾಗಿತ್ತು. ಆ ಮಾತು ಕೇಳಿದಾಗ ಮುರಳಿಗೂ ಎದೆ ಧಸಕ್ಕೆಂದದ್ದು ನಿಜ. ಆದರೆ ಭಯ ಅವನೊಳಗೆ ಹೆಚ್ಚು ಹೊತ್ತು ಭಯವಾಗಿ ಉಳಿಯುತ್ತಿರಲಿಲ್ಲ. ಒಂದು ಬೀಡಿ ಸೇದಿ ಮುಗಿಯುವುದರೊಳಗೆ ಅದು ಹುರುಪಾಗಿ, ವಾದವಾಗಿ, ಎದುರಿಗಿಲ್ಲದವರ ಜೊತೆಯ ಜಗಳವಾಗಿ ತಿರುಗಿಬಿಡುತ್ತಿತ್ತು. ಫೌಂಡ್ರಿಯ ಯೂನಿಯನ್ನಿನಲ್ಲಿ ಇಷ್ಟು ವರ್ಷ ಗೇದದ್ದು ಸುಮ್ಮನೆಯೇ?

"ರೀ, ಅವ್ರು ಮಗೂನ ಅಲ್ಲೇ ಇಟ್ಕೊಂಡ್ಬಿಟ್ರೆ?" ಎಂದಳು ಪುಷ್ಪಾ, ಮಗಳಿಗೆ ಕೇಳಿಸದ ಹಾಗೆ.

"ಸುಮ್ನಿರು ಮಾರಾಯ್ತಿ. ಇಟ್ಕೊಳ್ಳೋಕೆ ಅದೇನು ಕೊಡೆನಾ? ನಾನು ಪಕ್ಕದಲ್ಲೇ ಕೂತಿರ್ತೀನಿ. ನಾನು ಪಕ್ಕ ಕೂತ ಯಾವ ಎನ್‌ಕ್ವೈರಿ ಸೋತಿದೆ ಹೇಳು ನೋಡಣ."

ಅದು ಬಡಾಯಿಯಲ್ಲ. ಫೌಂಡ್ರಿಯಲ್ಲಿ ಕೆಲಸಗಾರನ ಮೇಲೆ ಆರೋಪ ಬಂದರೆ ಆಡಳಿತದವರು ಎನ್‌ಕ್ವೈರಿ ನಡೆಸುತ್ತಾರೆ. ಆರೋಪ ಹೊತ್ತವನು ಇನ್ನೊಬ್ಬ ಕೆಲಸಗಾರನನ್ನು ಕರೆತಂದು ತನ್ನ ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ಆ ಪಕ್ಕದ ಕುರ್ಚಿ ಬಹಳ ಕಾಲದಿಂದ ಮುರಳಿಯದು. ಅಚ್ಚಿಗೆ ಮರಳು ತುಂಬುವ ಕೆಲಸದಲ್ಲಿ ಅವನನ್ನು ಯಾರೂ ಹೊಗಳಿದ್ದಿಲ್ಲ, ಆ ಕುರ್ಚಿಯಲ್ಲಿ ಕೂತಾಗ ಮಾತ್ರ ಆಫೀಸರರು ನೀರಿನ ಲೋಟ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಒಬ್ಬನನ್ನೇ ಒಳಗೆ ಬಿಡಬಾರದು, ಇದು ಅವನು ಕಲಿತ ಮೊದಲ ಪಾಠ. ಜೊತೆಯ ಕೆಲಸಗಾರ ಚೌಡಪ್ಪನನ್ನು ಹಾಗೆ ಒಬ್ಬನನ್ನೇ ಬಿಟ್ಟಿದ್ದರಿಂದಲ್ಲವೇ ಎಡವಟ್ಟಾದದ್ದು. ಹಿತ್ತಾಳೆ ತುಂಡು ಕದ್ದನೆಂದು ಅವನನ್ನು ಕರೆಸಿ, ಎಲ್ಲಿದ್ದೆ, ಯಾವಾಗ ಬಂದೆ, ಮೊದಲಿನಿಂದ ಹೇಳು, ಇನ್ನೊಮ್ಮೆ ಹೇಳು ಎಂದು ಗಂಟೆಗಟ್ಟಲೆ ನಿಲ್ಲಿಸಿ ಕೇಳಿದರು. ಕದಿಯದವನು ಕೊನೆಗೆ 'ನಾನೇ ಸ್ವಾಮಿ' ಅಂದುಬಿಟ್ಟ. ಮುರಳಿ ಆ ಕೇಸನ್ನು ಮತ್ತೆ ತೆರೆಸಿ, ಪಕ್ಕದಲ್ಲಿ ಕೂತು, ಬರೀ ನೋಡಿದ. ಪ್ರತಿ ಪ್ರಶ್ನೆಗೂ ಚೌಡಪ್ಪನ ಕಣ್ಣು ಮೊದಲು ಆಫೀಸರರ ಮುಖಕ್ಕೆ ಹೋಗುತ್ತಿತ್ತು, ಆಮೇಲೆ ಬಾಯಿ ತೆರೆಯುತ್ತಿತ್ತು. ಮುರಳಿ ಎದ್ದು ನಿಂತು, "ಸ್ವಾಮಿ, ಇವನು ಉತ್ತರ ಹುಡುಕ್ತಿರೋದು ತನ್ನ ನೆನಪಲ್ಲಲ್ಲ, ನಿಮ್ಮ ಮುಖದಲ್ಲಿ. ಹೆದರಿದವನ 'ಹೌದು'ನ ನೀವು ಹೌದು ಅಂತ ಬರ್ಕೊಂಡ್ರೆ ಹೆಂಗೆ?" ಅಂದ. ಒಳಗಿದ್ದವರೆಲ್ಲ ಗಪ್‌ಚುಪ್. ಆ ಗಳಿಗೆಯ ಮೌನವನ್ನು ನೆನೆದಾಗಲೆಲ್ಲ ಈಗಲೂ ಅವನ ಬೆನ್ನಹುರಿಯಲ್ಲಿ ಬಿಸಿಯೊಂದು ಏರುತ್ತದೆ. ಬಸ್ಸಿನ ಸೀಟಿನಲ್ಲೂ ಏರಿತು. ಇವತ್ತೂ ಅಂಥದೊಂದು ಗಳಿಗೆ ಕಾದಿದೆ ಎನ್ನಿಸಿ ಕಾಲು ತಾನಾಗಿ ಅಲ್ಲಾಡತೊಡಗಿತು, ಪುಷ್ಪಾ ಅವನ ಮಂಡಿಯ ಮೇಲೆ ಕೈಯಿಟ್ಟು ನಿಲ್ಲಿಸಿದಳು.

ಕೇಸು ಇಷ್ಟೇ. ಮಳೆಗಾಲದ ಕೊನೆಗೆ ಇಂಪನಾಗೆ ಕಾಮಾಲೆಯಾಯಿತು. ಡಾಕ್ಟರ ಔಷಧಿ ನಡೆಯುತ್ತಿತ್ತು. ಆದರೆ ಮುರಳಿಯ ತಾಯಿ ಯಲ್ಲಮ್ಮ ಬಿಡಬೇಕಲ್ಲ, ಕಾಮಾಲೆಗೆ ಬರೆ ಹಾಕಿಸದೆ ಬರೀ ಗುಳಿಗೆ ನುಂಗಿಸ್ತೀರಾ ಎಂದು ಹಟ ಹಿಡಿದು ಮಗುವನ್ನು ಕುಂಸಿಯಿಂದ ಒಳಗಿನ ಹಳ್ಳಿಯೊಂದಕ್ಕೆ, ದ್ಯಾಮಮ್ಮ ಎಂಬ ಮುದುಕಿಯ ಹತ್ತಿರ ಕರೆದುಕೊಂಡು ಹೋಗಲು ಹೇಳಿದಳು. ಮುದುಕಿ ಕಾಯಿಸಿದ ಕಡ್ಡಿಯಿಂದ ಮುಂಗೈ ಮೇಲೆ ಚುರುಕ್ಕೆನ್ನಿಸಿ ಅರಿಶಿನ ಹಚ್ಚಿ ಕಳಿಸಿದ್ದಳು. ಕಾಮಾಲೆ ಇಳಿಯಿತು, ಡಾಕ್ಟರಿಂದಲೋ ಮುದುಕಿಯಿಂದಲೋ, ಮನೆಯಲ್ಲಿ ಆ ಚರ್ಚೆ ಇನ್ನೂ ಮುಗಿದಿಲ್ಲ. ಮುಂಗೈಯ ಕಲೆ ಉಳಿಯಿತು. ಶಾಲೆಯಲ್ಲಿ ಟೀಚರು ಅದನ್ನು ನೋಡಿದ್ದಾರೆ, ಇದೇನೆಂದು ಕೇಳಿದ್ದಾರೆ, ಹುಡುಗಿ ತುಟಿ ಬಿಚ್ಚಿಲ್ಲ. ಅವರು ಹತ್ತಿರ ಬಗ್ಗಿದ್ದಕ್ಕೆ ಬೆಂಚಿನ ಕೆಳಗೆ ಕೂತುಬಿಟ್ಟಳಂತೆ. ಅಲ್ಲಿಂದ ದೂರು ಹೋಗಿ, ಒಂದು ಸಂಜೆ ಸಮಾಜ ಸೇವೆಯ ಸಂಸ್ಥೆಯ ಇಬ್ಬರು ಹೆಂಗಸರು ಮನೆಗೇ ಬಂದರು. ಒಬ್ಬಳು ಕವನಾ ಎಂಬ ತೆಳ್ಳಗಿನ ಹುಡುಗಿ, ಕಾಟನ್ ಸೀರೆ, ಹೆಗಲಲ್ಲಿ ಬಟ್ಟೆಯ ಚೀಲ. "ಮಗು ಜೊತೆ ಸ್ವಲ್ಪ ಹೊತ್ತು ಒಬ್ಳೇ ಮಾತಾಡಬೇಕಿತ್ತು" ಅಂದಳು, ಸಕ್ಕರೆ ಸಾಲ ಕೇಳಿದಷ್ಟು ಸಲೀಸಾಗಿ. ಮುರಳಿ ಬಾಗಿಲಿಗೆ ಅಡ್ಡ ನಿಂತ. ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದುಕೊಂಡಿದ್ದವು. ತಾನು ಬನಿಯನ್ನಿನಲ್ಲಿದ್ದೇನೆ ಎಂಬುದು ಅವನಿಗೆ ಆಗಲೇ ಹೊಳೆದದ್ದು. ಎಷ್ಟೋ ಮಂದಿಯ ಪರವಾಗಿ ವಾದಿಸಿದವನು ತನ್ನ ಮನೆಯ ಹೊಸಲ ಮೇಲೆ ಆರೋಪಿಯ ಹಾಗೆ, ಎದೆಯ ಮೇಲೆ ಕೈಕಟ್ಟಿ ಬನಿಯನ್ನಿನ ತೂತು ಮುಚ್ಚಿಕೊಂಡು, "ವಕೀಲರನ್ನ ಕೇಳಿ ಹೇಳ್ತೀನಿ" ಎಂದಿದ್ದ. ಹಾಗಾದರೆ ಶಿವಮೊಗ್ಗದ ನಮ್ಮ ಆಫೀಸಿಗೇ ಕರೆದುಕೊಂಡು ಬನ್ನಿ ಎಂದು ಅವರು ದಿನ ಹೇಳಿ ಹೋಗಿದ್ದರು.

ವಕೀಲರೆಂದರೆ ದುರ್ಗಿಗುಡಿಯ ಶಿವರಾಮ ಭಟ್ಟರು. ಯೂನಿಯನ್ನಿನ ಹಳೆಯ ಸಲಹೆಗಾರರು, ಎಲೆಯಡಿಕೆ ಮೆಲ್ಲುತ್ತ, ಮಧ್ಯೆ ಮಧ್ಯೆ ಕಣ್ಣು ಮುಚ್ಚಿ ನಿದ್ದೆ ಹೋದರೇನೋ ಎನ್ನಿಸುವಂತೆ ಮಾತಾಡುವವರು. "ತಂದೆತಾಯಿಗೆ ಹಕ್ಕಿದೆ ಮಾರಾಯ. ಯಾತಕ್ಕೆ ಕೇಳ್ತಿದೀರಿ ಅಂತ ಕೇಳಬಹುದು, ಯಾರು ಮಾತಾಡ್ತಾರೆ, ಎಲ್ಲಿ ಅಂತ ಕೇಳಬಹುದು. ನಾನೂ ಜೊತೆಗೆ ಕೂರ್ತೀನಿ ಅಂತಾನೂ ಕೇಳು, ನಾನು ಮಾತಾಡಿ ಒಪ್ಪಿಸ್ತೀನಿ" ಎಂದರು. ಮುರಳಿಗೆ ಅಷ್ಟು ಸಾಕಾಗಿತ್ತು. ಅವನು ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಭಟ್ಟರು ಬೆನ್ನ ಹಿಂದಿನಿಂದ, "ಆದ್ರೆ ಆ ಮಗೂಗೂ ಒಂದು ಹಕ್ಕಿದೆ ನೋಡು, ತಾನೊಬ್ಳೇ ಹೇಳ್ಕೋಬೇಕು ಅಂತಿದ್ರೆ..." ಎಂದು ಇನ್ನೂ ಏನೋ ಅನ್ನುತ್ತಿದ್ದರು. ಅವನು ಮೆಟ್ಟಿಲಿಳಿದು ಆಗಿತ್ತು. ಕಾಯಿನ್ ಫೋನಿನಿಂದ ಪಕ್ಕದ ಮನೆಗೆ ಮಾಡಿ ಪುಷ್ಪಾಳನ್ನು ಕರೆಸಿ, "ಜೊತೆಗೆ ಕೂರಬಹುದಂತೆ ಕಣೇ!" ಎಂದು ಬೀದಿಯವರೆಲ್ಲ ತಿರುಗಿ ನೋಡುವಂತೆ ಕೂಗಿದ್ದ.

ಬಸ್ಸು ಊರ ಹೊರಗೆ ಬಂದು ವೇಗ ಹಿಡಿಯಿತು. ಇಂಪನಾ ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಇವಳಿಗೆ ಏನೂ ಹೇಳಿಕೊಟ್ಟಿಲ್ಲ ಎಂಬುದು ಅವನ ದೊಡ್ಡ ಹೆಮ್ಮೆಯಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ವಾರದಿಂದ ಬಾಯಿಪಾಠ ಮಾಡಿಸುತ್ತಿದ್ದರು. ತನಗೇಕೆ ಬೇಕು? ತಾನೇನು ಹೊಡೆದಿದ್ದೇನೆಯೇ? ಒಂದು ಏಟು, ಒಂದೇ ಒಂದು ಏಟು ಈ ಮಗುವಿನ ಮೈಮೇಲೆ ಬಿದ್ದಿಲ್ಲ. ತನ್ನ ಅಪ್ಪ ಹುಣಿಸೆ ಬರಲಿನಲ್ಲಿ ಚರ್ಮ ಸುಲಿಯುತ್ತಿದ್ದ. ತನಗೆ ಮಗುವಾದರೆ ಹೊಡೆಯುವುದಿಲ್ಲ ಎಂದು ಮುರಳಿ ಮದುವೆಗೆ ಮುಂಚೆಯೇ ತೀರ್ಮಾನಿಸಿದ್ದ, ಹಾಗೆಯೇ ನಡೆದುಕೊಂಡಿದ್ದ. ಮನೆಯಲ್ಲಿ ಏನಾದರೂ ಒಡೆದರೆ, ಕಳೆದರೆ, ಅವನು ಕೈಯೆತ್ತುವುದಿಲ್ಲ. ನಡುಮನೆಗೆ ಕುರ್ಚಿ ಎಳೆದು ಕೂರುತ್ತಾನೆ, ಮಗಳನ್ನು ಎದುರಿಗೆ ನಿಲ್ಲಿಸಿ ಕೇಳುತ್ತಾನೆ. ಎಲ್ಲಿದ್ದೆ? ಆಮೇಲೆ? ಮೊದಲಿಂದ ಹೇಳು. ತಾಳ್ಮೆಯಿಂದ, ದನಿ ಏರಿಸದೆ, ಸತ್ಯ ಹೊರಗೆ ಬರುವ ತನಕ. ಸಾರು ಆರಿಹೋಗುತ್ತದೆ, ಪುಷ್ಪಾ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿರುತ್ತಾಳೆ, ಆದರೆ ಸತ್ಯ ಬಂದೇ ಬರುತ್ತದೆ. ಫೌಂಡ್ರಿಯಲ್ಲಿ ವಾರಕ್ಕೆ ಮೂರೇ ದಿನ ಕೆಲಸ ಎಂದಾದ ಮೇಲೆ ಅವನು ಮನೆಯಲ್ಲಿರುವುದು ಹೆಚ್ಚಾಗಿ, ಕೇಳುವುದೂ ಹೆಚ್ಚಾಗಿತ್ತು. ಹೋದ ತಿಂಗಳು ಮೊಪೆಡ್ಡಿನ ಕೀ ಕಾಣೆಯಾದಾಗ ಎಷ್ಟು ಹೊತ್ತು ನಿಂತಿದ್ದಳೋ ಪಾಪ, ಕೊನೆಗೆ "ನಾನೇ ಅಪ್ಪ, ಮೋರಿಗೆ ಬಿತ್ತು" ಅಂದಳು. ಭಾನುವಾರವಿಡೀ ಪುಷ್ಪಾ ಕೋಲು ಹಿಡಿದು ಮೋರಿ ಕೆದಕಿದಳು. ಕೀ ಸಿಕ್ಕಿದ್ದು ಅವನದೇ ಪ್ಯಾಂಟಿನ ಒಳಜೇಬಿನಲ್ಲಿ. ಫೌಂಡ್ರಿಯ ಕ್ಯಾಂಟೀನಿನಲ್ಲಿ ಅದನ್ನು ಹೇಳಿ ಎಲ್ಲರನ್ನೂ ನಗಿಸಿದ್ದ: ನೋಡ್ರೋ, ಕೀ ನನ್ ಜೇಬಲ್ಲಿ, ಬೀಳ್ಸಿದ್ದು ನನ್ ಮಗಳಂತೆ! ಎಲ್ಲರೂ ನಕ್ಕಿದ್ದರು, ಚೌಡಪ್ಪ ಮಾತ್ರ ಟೀ ಲೋಟದೊಳಗೇ ನೋಡುತ್ತಿದ್ದ. ಅವನು ಯಾಕೆ ನಗಲಿಲ್ಲ ಎಂಬುದು ಈಗ, ಇಷ್ಟು ದಿನದ ಮೇಲೆ, ಬಸ್ಸು ತುಂಗಾ ಸೇತುವೆ ದಾಟುವಾಗ ಸುಮ್ಮಸುಮ್ಮನೆ ನೆನಪಾಗಿ, ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಕಾಡಿತು.

"ಪುಟ್ಟೀ," ಎಂದು ಪುಷ್ಪಾಳ ಮಡಿಲ ಮೇಲೆ ಬಾಗಿದ. "ಅವ್ರು ಏನ್ ಕೇಳಿದ್ರೂ ನಿಜ ಹೇಳು. ಹೆದ್ರಬೇಡ. ಗೊತ್ತಾಯ್ತಾ?"

ಹುಡುಗಿ ಕಿಟಕಿಯಿಂದ ತಿರುಗಿದಳು. "ಏನ್ ನಿಜ ಹೇಳ್ಲಿ ಅಪ್ಪ?"

"ನಿಂಗೆ ಗೊತ್ತಿರೋದು."

"ಹೂಂ," ಎಂದಳು, ಆದರೆ ಇನ್ನೂ ಅವನನ್ನೇ ನೋಡುತ್ತಿದ್ದಳು, ಮಾತು ಪೂರ್ತಿ ಮುಗಿದಿಲ್ಲವೆಂಬಂತೆ.

ಶಿವಮೊಗ್ಗದಲ್ಲಿ ಇಳಿದಾಗ ಇನ್ನೂ ಹೊತ್ತಿತ್ತು. ದುರ್ಗಿಗುಡಿಯ ಹೋಟೆಲಿಗೆ ನುಗ್ಗಿ ಅವನು ಗೆಲುವಿನ ಮುಂಗಡವೆಂಬಂತೆ ಮಸಾಲೆದೋಸೆ, ಕೇಸರಿಬಾತು ಎಂದೆಲ್ಲ ಗಟ್ಟಿಯಾಗಿ ಹೇಳಿದ. ಮಗಳನ್ನು ಕೇಳಿದ, ನಿಂಗೇನ್ ಬೇಕು? ಅವಳು ಪಕ್ಕದ ಮೇಜಿನ ಪೂರಿಯನ್ನು ಒಂದು ಸಲ ನೋಡಿದಳು, ಅವನ ಮುಖವನ್ನು ಒಂದು ಸಲ ನೋಡಿದಳು, "ದೋಸೆ" ಅಂದಳು. ಭೇಷ್, ಎಂದ ಮುರಳಿ. ಅವನ ಮನಸ್ಸು ಅಲ್ಲಿರಲಿಲ್ಲ. ತಾನು ಆಡಬೇಕಾದ ಮಾತುಗಳ ಮೆರವಣಿಗೆ ಅದರೊಳಗೆ ನಡೆಯುತ್ತಿತ್ತು. ಮೇಡಂ, ಇದು ಹೊಡೆದ ಗುರುತಲ್ಲ, ಬರೆ. ನಮ್ಮ ಕಡೆ ಸಾವಿರ ಮಕ್ಕಳ ಕೈಮೇಲೆ ಇದೆ. ತಪ್ಪು ಅಂತೀರಾ, ತಪ್ಪೇ ಇರಲಿ, ಕಾಯಿಲೆ ವಾಸಿಯಾಗಲಿ ಅಂತ ಮಾಡಿದ ತಪ್ಪು. ಬೇಕಾದರೆ ನನ್ನ ತಾಯಿ ಬಂದು ಹೇಳ್ತಾರೆ, ಡಾಕ್ಟರ ಚೀಟಿ ಇದೆ. ಎಷ್ಟು ಸೊಗಸಾಗಿ ಕೂಡಿ ಬರುತ್ತಿತ್ತು! ಒಂದು ವಿಷಯವನ್ನು ಮಾತ್ರ ಅವನು ಆ ಮೆರವಣಿಗೆಯಿಂದ ಬಿಟ್ಟಿದ್ದ, ಅದನ್ನು ಯಾರೂ ಕೇಳುವುದಿಲ್ಲ ಎಂದುಕೊಂಡಿದ್ದ. ಅವತ್ತು ದ್ಯಾಮಮ್ಮನ ಜಗಲಿಯಲ್ಲಿ ಮಗುವಿನ ಕೈ ಹಿಡಿದುಕೊಂಡವನು ಅವನೇ. "ತಂದೆ ಹಿಡ್ಕಳ್ಳಲಿ, ಮಗಾ ಅಲ್ಲಾಡಲ್ಲ" ಎಂದಿದ್ದಳು ಮುದುಕಿ. ನಿಜ, ಅಲ್ಲಾಡಲಿಲ್ಲ. ಕೆಂಡದ ಕಡೆ ತಿರುಗಲೂ ಇಲ್ಲ, ಕೂಗಲೂ ಇಲ್ಲ. ಕಡ್ಡಿ ಮುಟ್ಟುವಾಗ, ಮುಟ್ಟಿದ ಮೇಲೆ, ಕಣ್ಣು ತುಂಬಿದ್ದರೂ ಅವನ ಮುಖವನ್ನೇ ನೋಡುತ್ತಿದ್ದಳು. ಎಂಥ ಧೈರ್ಯದ ಹುಡುಗಿ ನಿಂದು, ಎಂದು ಮುದುಕಿ ಮೆಚ್ಚಿಕೊಂಡಳು. ಅವನಿಗೂ ಆಗ ಹೆಮ್ಮೆಯಾಗಿತ್ತು.

ಆಫೀಸೆಂದರೆ ಒಂದು ಹಳೇ ಬಾಡಿಗೆ ಮನೆ. ಹೊರಗಿನ ಹಜಾರದಲ್ಲಿ ಗೋಡೆಗೆ ತಾಗಿಸಿ ಉದ್ದ ಬೆಂಚು, ಅದರ ಎದುರಿಗೆ ಒಳಕೋಣೆಯ ಬಾಗಿಲು. ಕವನಾ ಬಂದು ನಮಸ್ಕಾರ ಹೇಳಿ, ಪುಷ್ಪಾಳಿಗೆ ನೀರು ತಂದುಕೊಟ್ಟಳು. ಮುರಳಿ ಎದೆ ಸೆಟೆಸಿ, ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡ ದನಿಯಲ್ಲಿ, "ಮೇಡಂ, ನಾನು ಒಳಗೆ ಕೂರ್ತೀನಿ. ವಕೀಲರು ಮಾತಾಡಿರಬೇಕು" ಎಂದ. ಅವಳು ಜಗಳಕ್ಕೆ ಬರುತ್ತಾಳೆ, ಆಗ ಇಂಥದನ್ನು ಹೇಳಬೇಕು ಎಂದೆಲ್ಲ ಸಜ್ಜಾಗಿದ್ದ. ಅವಳು ಬರಲಿಲ್ಲ. "ಮಾತಾಡಿದಾರೆ ಸರ್. ನೀವು ಜೊತೆಗೆ ಕೂರಬಹುದು ಅಂತ ನಾನೇ ಬರ್ಕೊಂಡಿದೀನಿ. ಉತ್ತರ ಮಾತ್ರ ಅವಳೇ ಹೇಳ್ಲಿ. ಇದು ಎನ್‌ಕ್ವೈರಿ ಅಲ್ಲ, ನಾನು ಅವಳ ಪರಿಚಯ ಮಾಡ್ಕೋತೀನಿ ಅಷ್ಟೆ" ಎಂದಳು. ಇಷ್ಟು ಸುಲಭವಾಗಿ ಗೆದ್ದದ್ದಕ್ಕೆ ಅವನಿಗೆ ಸ್ವಲ್ಪ ನಿರಾಸೆಯೇ ಆಯಿತು. ಆದರೂ ಒಳಗೆ ಕಾಲಿಡುವಾಗ ಪುಷ್ಪಾಳ ಕಡೆ ತಿರುಗಿ ಹುಬ್ಬು ಹಾರಿಸಿ, ನೋಡಿದೆಯಾ, ಅಂದ.

ಕೋಣೆಯಲ್ಲಿ ಚಾಪೆ, ಮಕ್ಕಳು ಬರೆದ ಚಿತ್ರಗಳು, ಪುಟ್ಟ ಮೇಜು, ಮೂಲೆಯಲ್ಲಿ ಒಂದು ದೊಡ್ಡವರ ಕುರ್ಚಿ. ಮುರಳಿ ಆ ಕುರ್ಚಿಯನ್ನು ಎಳೆದುಕೊಂಡು ಕೂತ. ಎಳೆದ ಸದ್ದಿಗೆ ಇಂಪನಾ ಚಾಪೆಯ ಮೇಲೆ ಕೂರಲು ಹೋದವಳು ಎದ್ದು ನೆಟ್ಟಗೆ ನಿಂತಳು, ಕೈಗಳು ತಾವಾಗಿ ಹಿಂದಕ್ಕೆ ಹೋದವು. "ಕೂತ್ಕೋ ಪುಟ್ಟಿ" ಎಂದಳು ಕವನಾ. ಅವಳು ಅಪ್ಪನನ್ನು ನೋಡಿದಳು. ಅವನು ತಲೆಯಾಡಿಸಿದ. ಕೂತಳು. ಕವನಾ ಬಣ್ಣದ ಪೆನ್ಸಿಲುಗಳ ಡಬ್ಬಿ ಬಿಚ್ಚಿ, "ಯಾವ ಬಣ್ಣ ಬೇಕು?" ಎಂದಳು. ಹುಡುಗಿಯ ಕಣ್ಣು ಪೆನ್ಸಿಲುಗಳಿಂದ ಎದ್ದು ಮತ್ತೆ ಅವನ ಮುಖಕ್ಕೆ ಬಂತು. ಅವನು ಉತ್ತೇಜನ ಕೊಡುವಂತೆ ನಕ್ಕ. ಅವಳು ಹತ್ತಿರದಲ್ಲಿದ್ದ ಕಂದು ಬಣ್ಣ ತೆಗೆದುಕೊಂಡಳು. ಬರೆಯ ಪ್ರಶ್ನೆ ಯಾವಾಗ ಬರುತ್ತದೆ ಎಂದು ಮುರಳಿ ತುದಿಗಾಲಲ್ಲಿ ಕಾಯುತ್ತಿದ್ದ. ಬರಲಿಲ್ಲ.

"ನಿನ್ ಫ್ರೆಂಡ್ ಯಾರು?" ಅವನ ಮುಖ. "ಮೈತ್ರಿ."

"ಇಬ್ರೂ ಏನ್ ಆಟ ಆಡ್ತೀರಾ?" ಅವನ ಮುಖ. "ಆಟ ಆಡಲ್ಲ. ಓದ್ಕೋತೀವಿ."

"ನಿಂಗೆ ಪೂರಿ ಇಷ್ಟನಾ, ದೋಸೆ ಇಷ್ಟನಾ?"

ಅವನ ಮುಖ.

ಆಗ ಅವನಿಗೆ ಮೊದಲ ಸಲ ಅನ್ನಿಸಿತು: ಇದನ್ನು ಎಲ್ಲೋ ನೋಡಿದ್ದೇನೆ. ಪ್ರಶ್ನೆ, ಕಣ್ಣು, ಆಮೇಲೆ ಬಾಯಿ. ಎಲ್ಲಿ ನೋಡಿದೆ? ಮುಖವನ್ನು ಕಿಟಕಿಯ ಕಡೆ ತಿರುಗಿಸಿದ, ಅವಳಿಗೆ ಸಲೀಸಾಗಲಿ ಎಂದು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಒಳಗೆ ಉತ್ತರವೇ ಬರಲಿಲ್ಲ. ಪಂಪಿನ ಸದ್ದು ನಿಂತು, ಸೈಕಲ್ಲು ಹೋದರೂ ಉತ್ತರ ಬರಲಿಲ್ಲ. ತಡೆಯಲಾರದೆ ತಿರುಗಿದರೆ, ಇಂಪನಾ ಪೆನ್ಸಿಲ್ಲು ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, ಅವನ ಕೆನ್ನೆಯನ್ನೇ ನೋಡುತ್ತ, ಆ ಮುಖ ವಾಪಸು ಬರುವುದನ್ನೇ ಕಾಯುತ್ತಿದ್ದಳು. ಪಕ್ಕದಲ್ಲಿ ಕೂತವನನ್ನು ಯಾರೂ ಹಾಗೆ ನೋಡುವುದಿಲ್ಲ. ಚೌಡಪ್ಪ ತನ್ನನ್ನು ಒಂದು ಸಲವೂ ಹಾಗೆ ನೋಡಿರಲಿಲ್ಲ. ಚೌಡಪ್ಪ ಹಾಗೆ ನೋಡಿದ್ದು ಮೇಜಿನ ಆಚೆ ಕೂತವನನ್ನು. ಮೋರಿ ಕೆದಕುತ್ತಿದ್ದ ಪುಷ್ಪಾ, ಆರಿದ ಸಾರು, ನಡುಮನೆಯ ಕುರ್ಚಿ, ಹಿಂದೆ ಕಟ್ಟಿಕೊಂಡ ಪುಟ್ಟ ಕೈಗಳು, ಮುದುಕಿಯ ಜಗಲಿಯಲ್ಲಿ ನೀರು ತುಂಬಿಯೂ ಅಲ್ಲಾಡದ ಆ ಎರಡು ಕಣ್ಣು, ಎಲ್ಲ ಒಟ್ಟಿಗೇ ಮೈಮೇಲೆ ಬಂದವು. ಧೈರ್ಯವಂತೆ, ಧೈರ್ಯ! ಈ ಕವನಾ ಇದನ್ನೆಲ್ಲ ನೋಡುತ್ತಿದ್ದಾಳೆ, ಮೊದಲ ಪ್ರಶ್ನೆಯಿಂದಲೇ ನೋಡುತ್ತಿದ್ದಾಳೆ ಎಂದು ಹೊಳೆದು ಕಿವಿಯ ಬುಡ ಸುಟ್ಟಿತು. ಆದರೆ ನಾಚಿಕೆಗಿಂತ ಬಲವಾಗಿ ಇನ್ನೊಂದು ಅವನನ್ನು ಕುರ್ಚಿಯಿಂದ ಎತ್ತಿತು. ಒಬ್ಬನ ಪರವಾಗಿ ವಾದಿಸಲು ಏಳುವಾಗ ಏಳುತ್ತಿದ್ದ ಅದೇ ಬಿಸಿ. ಈ ಮಗುವಿನ ಪರವಾಗಿ ಇಲ್ಲಿ ಯಾರಾದರೂ ಏನಾದರೂ ಮಾಡಬೇಕು, ಈಗಲೇ ಮಾಡಬೇಕು.

ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. ಇಂಪನಾ ಕೂಡಲೇ ಎದ್ದು ನಿಂತಳು. ಪೆನ್ಸಿಲ್ಲು ಕೆಳಗೆ ಬಿದ್ದು ಉರುಳಿತು.

"ನಾನೇ ಅಪ್ಪ," ಎಂದಳು.

ಯಾರೂ ಏನೂ ಕೇಳಿರಲಿಲ್ಲ. ಕವನಾ ಮುರಳಿಯನ್ನು ನೋಡಲಿಲ್ಲ, ಬಗ್ಗಿ ಪೆನ್ಸಿಲ್ಲು ಹೆಕ್ಕಿದಳು. ಅವನಿಗೆ ಮಗಳ ಹತ್ತಿರ ಹೋಗಿ ತಲೆ ಸವರಬೇಕೆನ್ನಿಸಿತು. ಎರಡು ಹೆಜ್ಜೆ ಇಡುವುದರೊಳಗೆ ಅವಳು ಭುಜ ಕುಗ್ಗಿಸಿದ್ದು ಕಂಡು ಅಲ್ಲೇ ನಿಂತ.

"ಏನಿಲ್ಲ ಪುಟ್ಟಿ. ನೀನಲ್ಲ. ಕೂತ್ಕೋ," ಎಂದ. ಕವನಾಳ ಕಡೆ ತಿರುಗಿದ. "ಮೇಡಂ, ನಾನು ಹೊರಗಿರ್ತೀನಿ."

"ಸರ್, ನೀವು ಕೂರಬಹುದು. ಒಪ್ಪಿಗೆ ಆಗಿದೆ."

"ಗೊತ್ತು. ಅದಕ್ಕೇ..." ಮುಂದಿನ ಮಾತು ಅವನಿಗೆ ಸಿಗಲಿಲ್ಲ. ಇಷ್ಟು ವರ್ಷದಲ್ಲಿ ಮಾತು ಸಿಗದೆ ಹೋದದ್ದು ಇದೇ ಮೊದಲು. "ಬಾಗ್ಲು ಹಾಕ್ಕೊಳ್ಳಿ," ಎಂದಷ್ಟೇ ಹೇಳಿ ಹೊರಬಂದ.

ಬೆಂಚಿನ ಮೇಲೆ ಕೂತಿದ್ದ ಪುಷ್ಪಾ ಗಾಬರಿಯಾಗಿ ಎದ್ದಳು. "ಯಾಕ್ರೀ? ಕಳಿಸಿಬಿಟ್ರಾ? ನೀವು ಇರ್ತೀನಿ ಅಂದಿದ್ರಲ್ಲ!"

"ನಾನೇ ಬಂದೆ."

"ಅಯ್ಯೋ ದೇವ್ರೇ, ಒಬ್ಳನ್ನೇ ಬಿಟ್ ಬಂದ್ರಾ? ಅವಳು ಏನಾದ್ರೂ ಅಂದ್ಬಿಟ್ರೆ?"

"ಅನ್ಲಿ ಪುಷ್ಪಾ."

"ಕರ್ಕೊಂಡ್ ಹೋಗ್ಬಿಟ್ರೆ?"

ಅವನು ಬೆಂಚಿನ ಮೇಲೆ, ಬಾಗಿಲಿಗೆ ಎದುರಾಗಿ ಕೂತ. ಪುಷ್ಪಾ ಅವನ ಮುಖವನ್ನೇ ನೋಡುತ್ತಿದ್ದಳು, ಮುಂದೇನು ಅನ್ನಬೇಕೆಂದು ಅಲ್ಲಿಯೇ ಹುಡುಕುವವಳಂತೆ. ಅವನು ಕಣ್ಣು ತಪ್ಪಿಸಿ ಮುಚ್ಚಿದ ಬಾಗಿಲ ಕಡೆ ತಿರುಗಿದ. ಒಳಗೆ ಮೊದಲು ಕವನಾಳ ದನಿ, ಚುಟುಕಾಗಿ. ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು ದನಿ, ಸಣ್ಣದು, ತಡವರಿಸುತ್ತ ಶುರುವಾದದ್ದು ನಿಲ್ಲದೆ ಮುಂದುವರಿಯಿತು, ಮುಂದುವರಿದು ಓಡತೊಡಗಿತು. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಒಂದು ಕಡೆ ಅದು ನಕ್ಕಿತೋ ಅತ್ತಿತೋ ಅವನಿಗೆ ಗೊತ್ತಾಗಲಿಲ್ಲ. ತನ್ನ ಮಗಳು ಇಷ್ಟು ಉದ್ದ ಮಾತಾಡುತ್ತಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಭಯದಿಂದಲೂ ಅದರ ಜೊತೆಗೇ ಉಕ್ಕಿದ ಹುಚ್ಚು ಸಂತೋಷದಿಂದಲೂ ಎದೆ ಹೊಡೆದುಕೊಳ್ಳುತ್ತಿತ್ತು. ಪುಷ್ಪಾ ಬಾಗಿಲ ಹತ್ತಿರ ಹೋಗಿ ಕಿವಿಗೊಡಲು ನೋಡಿದಳು. ಅವನು ಅವಳ ಸೆರಗು ಹಿಡಿದು ಮೆಲ್ಲಗೆ ವಾಪಸು ಕೂರಿಸಿದ.

ಆಮೇಲೆ ಬೆಂಚನ್ನು ನೋಡಿದ. ಬಾಗಿಲಿಗೆ ನೇರ ಎದುರು ಕೂತಿದ್ದವನು ತಾನು. ಬಾಗಿಲು ತೆರೆದ ಕೂಡಲೇ ಅವಳಿಗೆ ಮೊದಲು ಕಾಣುವುದು ತನ್ನ ಮುಖ. ಅವನು ಎದ್ದು, "ನೀನಿಲ್ಲಿಗೆ ಬಾ" ಎಂದು ಪುಷ್ಪಾಳನ್ನು ತನ್ನ ಜಾಗದಲ್ಲಿ ಕೂರಿಸಿ, ತಾನು ಬೆಂಚಿನ ಆಚೆ ತುದಿಗೆ, ಬಾಗಿಲಿಂದ ಕಾಣದ ಕಡೆ, ಗೋಡೆಗೆ ಒತ್ತಿಕೊಂಡು ಕೂತ.